ಮುನಿಲಕ್ಷ್ಮಿಯ ಕಂಬದ ತಿರುವು

ಹೊಟ್ಟೆಕಿಚ್ಚು ಮುನಿಲಕ್ಷ್ಮಿಗೆ ಹುಟ್ಟಿನಿಂದ ಬಂದ ಗುಣವಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೋದ ಹಾಗೆ ನೀವು ಅವಳನ್ನು ಬೈಯುತ್ತೀರಿ. ಬೈಯಿರಿ, ಅಡ್ಡ ಬರುವವರು ಯಾರೂ ಇಲ್ಲ. ಆದರೆ ಮೂವತ್ತು ವರ್ಷ ಅವಳು ಯಾರ ಸೀರೆ ನೋಡಿಯೂ, ಯಾರ ಸರ ನೋಡಿಯೂ ಹೊಟ್ಟೆ ಉರಿದುಕೊಂಡವಳಲ್ಲ. ದೇವನಹಳ್ಳಿಯಿಂದ ವಿಜಯಪುರದ ಕಡೆ ಹೋಗುವಾಗ ಎಡಕ್ಕೆ ಸಿಗುವ ಬೊಮ್ಮೇನಹಳ್ಳಿಯ ಹಿರಿಸೊಸೆ ಅವಳು. ಗಂಡ ಮುನಿಕೃಷ್ಣ ಏರ್‌ಪೋರ್ಟಿನ ಟ್ಯಾಕ್ಸಿ ಓಡಿಸುತ್ತಿದ್ದ. ಅವಳು ಅದೇ ಏರ್‌ಪೋರ್ಟಿನ ಒಳಗೆ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಕತ್ತಿಗೆ ಪಟ್ಟಿ ಹಾಕಿದ ಗುರುತಿನ ಚೀಟಿ, ಕೈಯಲ್ಲೊಂದು ವಾಕಿಟಾಕಿ, ಕೆಳಗೆ ಹನ್ನೆರಡು ಹೆಂಗಸರು. ಅವಳಿಗೆ ಅದು ಸಾಕಾಗಿತ್ತು.

ಅದಲ್ಲದೆ ಅವಳಿಗೆ ತನ್ನದೆನ್ನುವ ಒಂದು ಆಸ್ತಿಯಿತ್ತು. ಅದರ ಹೆಸರು ಕಂಬದ ತಿರುವು.

ಖೋ ಖೋ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಡದವರಿಗಾಗಿ ಎರಡು ಮಾತು. ಅಟ್ಟಿಸಿಕೊಂಡು ಓಡುವವಳು ನಡುವೆ ಹಿಂದಕ್ಕೆ ತಿರುಗುವಂತಿಲ್ಲ. ಅಂಕಣದ ಕೊನೆಯಲ್ಲಿರುವ ಕಂಬ ಮುಟ್ಟಿದ ಮೇಲೆಯೇ ದಿಕ್ಕು ಬದಲಿಸಬೇಕು. ಬೇರೆ ಹುಡುಗಿಯರು ಕಂಬ ಹತ್ತಿರವಾದ ಕೂಡಲೇ ವೇಗ ತಗ್ಗಿಸಿ, ಸುತ್ತು ಹಾಕಿ ಬರುತ್ತಿದ್ದರು. ಮುನಿಲಕ್ಷ್ಮಿ ವೇಗ ತಗ್ಗಿಸುತ್ತಿರಲಿಲ್ಲ. ಎಡ ಅಂಗೈಯನ್ನು ಒಮ್ಮೆ ಲಂಗಕ್ಕೆ ಒರೆಸಿಕೊಂಡು, ಬಂದ ರಭಸದಲ್ಲೇ ಕಂಬ ಹಿಡಿದು, ಬಲಗಾಲು ಊರಿ ಒದ್ದು, ಇಡೀ ಮೈಯನ್ನು ಗಾಳಿಗೆ ಬಿಟ್ಟುಬಿಡುತ್ತಿದ್ದಳು. ಕಾಲು ಮತ್ತೆ ನೆಲ ಮುಟ್ಟುವ ಹೊತ್ತಿಗೆ ಅವಳ ಮುಖ ಬಂದ ದಿಕ್ಕಿಗೇ ತಿರುಗಿರುತ್ತಿತ್ತು. ಎದುರು ತಂಡದವರು ಕಣ್ಣು ಮಿಟುಕಿಸುವಷ್ಟರಲ್ಲಿ ಔಟು. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಆವಲಪ್ಪನವರು, "ಇದ್ನ ನಾನ್ ಹೇಳ್ಕೊಟ್ಟಿಲ್ಲ ಕಣ್ರೋ, ಇದು ಅವಳ ಮೈಯಾಗೇ ಹುಟ್ಟಿದ್ದು" ಎಂದು ಬೇರೆ ಊರಿನ ಮೇಷ್ಟ್ರುಗಳ ಎದುರು ಬೀಗುತ್ತಿದ್ದರು.

ಅದು ಮದುವೆಗೆ ಮುಂಚಿನ ಮಾತು. ಮದುವೆಯಾದ ಮೇಲೆ ತಿರುವು ಯಾರಿಗೆ ಬೇಕು? ಬಾಣಲೆ ಸುತ್ತ ತಿರುಗಬೇಕಷ್ಟೆ. ಅದರ ಮೇಲೆ ಕೊನೆಯ ಪಂದ್ಯದಲ್ಲಿ ಬಲ ಮೊಣಕಾಲು ಕೆಟ್ಟು ಕೂತಿತ್ತು. ಅವಳೂ ಮರೆತಿದ್ದಳು.

ಹೀಗಿರುವಾಗ ಒಂದು ದಿನ ದೊಡ್ಡಬಳ್ಳಾಪುರದ ನೇಕಾರರ ಮನೆಯ ಹುಡುಗ ವಿಜಯ್ ಅವಳನ್ನು ಹುಡುಕಿಕೊಂಡು ಬಂದ. ಚಿಕ್ಕವನಿದ್ದಾಗ ಶಾಲೆಯ ಕಾಂಪೌಂಡ್ ಮೇಲೆ ಕೂತು ಅವಳ ಆಟ ನೋಡಿದ್ದನಂತೆ. ಈಗ ಬೆಂಗಳೂರಿನಲ್ಲಿ, ಫೋನಿನಲ್ಲಿ ಆಡುವ ಆಟಗಳನ್ನು ಮಾಡುವ ಪುಟ್ಟ ಕಂಪನಿಯೊಂದರಲ್ಲಿದ್ದ. ಗೂಳಿ ಅಟ್ಟಿಸಿಕೊಂಡು ಬರುವಾಗ ಓಡುವ ಹುಡುಗಿಯ ಆಟ ಮಾಡುತ್ತಿದ್ದೇವೆ ಅಕ್ಕ, ಅವಳಿಗೆ ನಿಮ್ಮ ತಿರುವು ಬೇಕು ಎಂದ. ಮುನಿಲಕ್ಷ್ಮಿ ಮೊಣಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು, ವೇಲನ್ನು ಸೊಂಟಕ್ಕೆ ಕಟ್ಟಿ, ಶಾಲೆಯ ಮೈದಾನದಲ್ಲಿ ಹನ್ನೊಂದು ಸಲ ಕಂಬ ಸುತ್ತಿದಳು. ವಿಜಯ್ ವಿಡಿಯೋ ಹಿಡಿದ. ಆಮೇಲೆ ಒಂದು ವಾರ ಅವಳಿಗೆ ಮೆಟ್ಟಿಲು ಹತ್ತಲಾಗಲಿಲ್ಲ.

ಮುಂದಿನ ವರ್ಷ, ಎರಡು ಸಾವಿರದ ಹದಿನಾಲ್ಕರಲ್ಲಿ, "ರಂಗಿ ಓಟ" ಬಂತು. ಎರಡು ಜಡೆಯ ರಂಗಿ ಸಂತೆಯಲ್ಲಿ, ರೈಲ್ವೆ ಗೇಟಿನಲ್ಲಿ, ಟೋಲ್‌ಗೇಟಿನಲ್ಲಿ ಓಡುತ್ತಾಳೆ, ಹಿಂದೆ ಗೂಳಿ. ಲೈಟು ಕಂಬವೋ ಚಪ್ಪರದ ಕಂಬವೋ ಸಿಕ್ಕಿದರೆ ಎಡ ಅಂಗೈಯನ್ನು ಲಂಗಕ್ಕೆ ಒರೆಸಿ, ಹಿಡಿದು, ತಿರುಗಿಬಿಡುತ್ತಾಳೆ. ಗೂಳಿ ಮುಂದಕ್ಕೆ ನುಗ್ಗಿ ಹೋಗುತ್ತದೆ. ಆಟದಲ್ಲಿ ಬೇರೇನೂ ದೊಡ್ಡ ವಿಶೇಷವಿರಲಿಲ್ಲ. ಜನ ಆ ತಿರುವಿಗಾಗಿಯೇ ಆಡಿದರು. ಬಸ್ಸಿನಲ್ಲಿ, ಕ್ಲಾಸಿನ ಬೆಂಚಿನ ಕೆಳಗೆ, ಸಲೂನಿನಲ್ಲಿ ಸರದಿ ಕಾಯುತ್ತ ಆಡಿದರು. ಒಮ್ಮೆ ಏರ್‌ಪೋರ್ಟಿನಲ್ಲಿ, ಹಿಂದಿ ಮಾತಾಡುವ ಯಾವುದೋ ಊರಿನ ಮಗುವೊಂದು ಸಾಲಿನ ಕಂಬ ಹಿಡಿದು, ಫ್ರಾಕಿಗೆ ಅಂಗೈ ಒರೆಸಿ, ಗಿರ್ರನೆ ತಿರುಗಿತು. ಮುನಿಲಕ್ಷ್ಮಿ ಅದನ್ನು ಕಂಡು, ವಾಕಿಟಾಕಿಯನ್ನು ಕೆಳಗಿನವಳ ಕೈಗೆ ಕೊಟ್ಟು, ಟಾಯ್ಲೆಟ್ಟಿಗೆ ಹೋಗಿ ಮನಸಾರೆ ಅತ್ತು ಬಂದಳು.

ಅಂಥ ಸುಖ ಅದು.

ಎರಡು ವರ್ಷ ಕಳೆದು ಘಾಟಿಯ ದೇವಸ್ಥಾನದಲ್ಲಿ ಮೈದುನನ ಮದುವೆಯಾಯಿತು. ಕಿರಿಸೊಸೆಯಾಗಿ ಕೀರ್ತನ ಮನೆಗೆ ಬಂದಳು. ದೊಡ್ಡಬಳ್ಳಾಪುರದವಳು, ಮನೆಯಲ್ಲಿ ನಾಲ್ಕು ಪವರ್‌ಲೂಮ್, ಬಿ.ಕಾಂ. ಓದಿ ಏರ್‌ಪೋರ್ಟಿನಲ್ಲೇ ಟಿಕೆಟ್ ಕೌಂಟರಿನ ಕೆಲಸ. ಬಂದ ಎರಡನೇ ದಿನವೇ ಓರಗಿತ್ತಿಯ ಕೈ ಹಿಡಿದುಕೊಂಡು, "ಅಕ್ಕ, ನೀವೇನಾ ರಂಗಿ? ಕಾಲೇಜಿಗೆ ಹೋಗ್ತಾ ಬಸ್ಸಲ್ಲಿ ನಾನು ಇದೊಂದೇ ಆಡ್ತಿದ್ದೆ. ನಮ್ಮನೆ ಪಕ್ಕದ ಊರಲ್ಲೇ ಇದ್ದೀರ ಅಂತ ಗೊತ್ತೇ ಇರ್ಲಿಲ್ಲ" ಎಂದಳು. ಮುನಿಲಕ್ಷ್ಮಿಗೆ ಹಿಗ್ಗೋ ಹಿಗ್ಗು. ಆವತ್ತು ಕೆನೆಮೊಸರು ಕೀರ್ತನಳ ತಟ್ಟೆಗೇ ಹೋಯಿತು.

ಹಿಗ್ಗು ಒಂದು ತಿಂಗಳು ಇತ್ತು. ಒಂದು ಸಂಜೆ ಮುನಿಲಕ್ಷ್ಮಿ ಕೆಲಸ ಮುಗಿಸಿ ಬಂದಾಗ, ಅತ್ತೆ ನರಸಮ್ಮ ಕನ್ನಡಕ ಏರಿಸಿಕೊಂಡು ಕೀರ್ತನಳ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಕೀರ್ತನ ರಂಗಿಯನ್ನು ಆಡಿಸುತ್ತಿದ್ದಳು. ಸಂತೆ ದಾಟಿತು, ರೈಲ್ವೆ ಗೇಟು ದಾಟಿತು. ಹೆಬ್ಬೆರಳು ಸೋಕಿದರೆ ಸಾಕು, ರಂಗಿ ತಿರುಗುವಳು.

"ಇದೇನಾ ನಮ್ ಲಕ್ಷ್ಮಿ ಆಟ?" ಎಂದರು ನರಸಮ್ಮ. "ಅಬ್ಬಾ, ಎಷ್ಟು ಚೆಂದಾಗಿ ತಿರುಗುಸ್ತೀಯಮ್ಮಾ ನೀನು."

ಎರಡು ವರ್ಷದಿಂದ ಆ ಆಟ ಮುನಿಲಕ್ಷ್ಮಿಯ ಫೋನಿನಲ್ಲಿತ್ತು. ಒಂದು ದಿನವಾದರೂ ಅತ್ತೆ ತಿರುಗಿ ನೋಡಿರಲಿಲ್ಲ. "ಇದೆಲ್ಲ ನಂಗೆ ಗೊತ್ತಾಗಲ್ಲ ಕಣಮ್ಮಾ" ಎಂದು ಎದ್ದು ಹೋಗುತ್ತಿದ್ದರು. ಈಗ ಗೊತ್ತಾಯಿತು, ನೋಡಿ. ತಿರುಗಿದವಳು ಯಾರು, ಚೆಂದಾಗಿ ತಿರುಗಿಸಿದೆ ಎನ್ನಿಸಿಕೊಂಡವಳು ಯಾರು. ಇನ್ನೊಂದು ವಿಷಯ ಅವಳು ಯಾರಿಗೂ ಹೇಳಿರಲಿಲ್ಲ: ಅವಳಿಗೆ ಸ್ವತಃ ಆ ಆಟ ಆಡಲು ಬರುತ್ತಿರಲಿಲ್ಲ. ಸಂತೆಯಲ್ಲೇ ಗೂಳಿ ಹಾಯ್ದುಬಿಡುತ್ತಿತ್ತು. ತನ್ನ ಹದಿನೇಳರ ಮೈ ಈ ಹುಡುಗಿಯ ಹೆಬ್ಬೆರಳಿನ ಕೆಳಗೆ ಸಿಕ್ಕಿಕೊಂಡು ಹೇಳಿದ ಹಾಗೆ ಕುಣಿಯುತ್ತಿದೆ ಎನ್ನಿಸಿತು ಅವಳಿಗೆ. ಅಂದು ಬಿದ್ದ ಕಿಡಿ ಆರಲಿಲ್ಲ.

ಆಮೇಲಿನದು ಕೇಳಬೇಡಿ. ಕೀರ್ತನ ಸಾರಿಗೆ ಒಗ್ಗರಣೆ ಹಾಕಿದರೆ ಮುನಿಲಕ್ಷ್ಮಿಗೆ ಸೀದ ವಾಸನೆ. ಕೀರ್ತನ ನಕ್ಕರೆ ಹಲ್ಲು ಕಿಸಿದ ಹಾಗೆ. ಪಾಪದ ಹುಡುಗಿ, ಎದುರು ಮಾತೂ ಆಡುತ್ತಿರಲಿಲ್ಲ. ಅದೂ ಒಂದು ತಪ್ಪಾಗಿ ಕಂಡಿತು. ಜಗಳಕ್ಕಾದರೂ ಬಂದಿದ್ದರೆ ಬೈದು ಹಗುರಾಗಬಹುದಿತ್ತು. "ಅಕ್ಕ ಅಕ್ಕ" ಎಂದು ಹಿಂದೆ ಸುತ್ತುವವಳನ್ನು ಏನು ಮಾಡುವುದು?

ಎರಡು ಸಾವಿರದ ಹದಿನೇಳರ ಶ್ರಾವಣದ ಒಂದು ಭಾನುವಾರ ವಿಜಯ್ ಮತ್ತೆ ಬಂದ. ಮುದ್ದೆ, ಬಸ್ಸಾರು ಉಂಡು, ನಡುಮನೆಯಲ್ಲಿ ಕೂತು ವಿಷಯ ತೆಗೆದ.

"ಅಕ್ಕ, ರಂಗಿ ಎರಡನೇ ಭಾಗ ಮಾಡ್ತಿದ್ದೀವಿ. ಆಫೀಸಲ್ಲಿ ಜಗಳ ಹತ್ಕೊಂಡಿದೆ. ಅರ್ಧ ಜನ ಕಂಬದ ತಿರುವು ತೆಗೆದುಹಾಕಿ ಅಂತಾರೆ. ಈಗಾಗ್ಲೇ ನಾಲ್ಕು ಕಂಪನಿಯವರು ಅದನ್ನ ಕದ್ದು ತಮ್ಮ ಆಟಕ್ಕೆ ಹಾಕ್ಕೊಂಡಿದ್ದಾರೆ, ಇನ್ನೂ ಅದನ್ನೇ ಇಟ್ರೆ ಹಳಸಲು ಅಂತಾರಂತೆ ಜನ. ಇನ್ನರ್ಧ ಜನ, ಅದನ್ನ ತೆಗೆದ್ಮೇಲೆ ರಂಗಿ ಯಾಕೆ ಬೇಕು, ಬೇರೆ ಹೆಸರಿಟ್ಟು ಬೇರೆ ಆಟ ಮಾಡಿ ಅಂತಾರೆ. ನೀವು ಏನಂತೀರ ಕೇಳ್ಕೊಂಡು ಹೋಗೋಣ ಅಂತ ಬಂದೆ."

ಮುನಿಲಕ್ಷ್ಮಿ ಗೋಡೆ ಬಿಟ್ಟು ನೆಟ್ಟಗೆ ಕೂತಳು. ತೆಗೆದುಹಾಕುವುದು ಎಂದರೇನು? ಎರಡನೇದು ಬಂದ ಮೇಲೆ ಮೊದಲನೇದನ್ನು ಯಾರು ಆಡುತ್ತಾರೆ? ತೆಗೆದರೆ ತಾನು ಇದ್ದೆ ಎನ್ನುವುದಕ್ಕೆ ಏನು ಉಳಿಯುತ್ತದೆ? ಒಂದು ವಾಕಿಟಾಕಿ ಉಳಿಯುತ್ತದೆ.

"ಹೋದ ಯುಗಾದೀಲಿ ಒಬ್ಬಟ್ಟು ಮಾಡಿದ್ವಿ ಅಂತ ಈ ಯುಗಾದೀಲಿ ಬಿಡ್ತೀವಾ ವಿಜಿ?" ಎಂದಳು. "ಜನ ಬರೋದೇ ಅದಕ್ಕೆ ಕಣಪ್ಪಾ. ಎಲೆ ಮೇಲೆ ಅದೇ ಇಲ್ಲ ಅಂದ್ರೆ ಎದ್ದು ಹೋಗ್ತಾರೆ. ಬೇರೆಯೋರು ಕದ್ರೆ ಕದೀಲಿ, ಕದ್ದ ಮಾಲಿಗೂ ಮನೆ ಮಾಲಿಗೂ ವ್ಯತ್ಯಾಸ ಇಲ್ವಾ?"

ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನರಸಮ್ಮ, "ಒಬ್ಬಟ್ಟು ಯಾಕ್ ಬಿಡ್ತೀವಿ? ತಟ್ಟೋ ಕೈ ಬದಲಾಗ್ತದೆ ಅಷ್ಟೆ" ಎಂದರು. ಯಾರೂ ಅದಕ್ಕೆ ಗಮನ ಕೊಡಲಿಲ್ಲ.

ವಿಜಯ್ ಕೀರ್ತನಳ ಕಡೆ ತಿರುಗಿದ. "ನೀವು ಆಡೋರು. ನೀವು ಹೇಳಿ."

ಕೀರ್ತನ ಅಕ್ಕನ ಮುಖ ನೋಡಿ, ಹೇಳಲೋ ಬೇಡವೋ ಎಂದು ಒಂದು ಗಳಿಗೆ ತಡೆದಳು. "ಕಂಬ ಇಲ್ದೇ ಹೋದ್ರೆ ಅವಳು ರಂಗೀನೇ ಅಲ್ಲ. ಅಕ್ಕ ಹೇಳಿದ್ದು ಸರಿ. ಆದ್ರೆ ಹಿಂದಿನ ಥರಾನೇ ಇಟ್ರೆ ಮೂರು ದಿನಕ್ಕೆ ಬೇಜಾರಾಗುತ್ತೆ. ಮೊದಮೊದ್ಲು ಕಂಬ ಹಿಡಿಯೋವಾಗ ಜೀವ ಬಾಯಿಗೆ ಬರ್ತಿತ್ತು ನಂಗೆ. ಈಗ ಬರಲ್ಲ. ಹಿಡಿದ್ರೆ ತಪ್ಪಿಸ್ಕೊಳ್ತಾಳೆ ಅಂತ ಗೊತ್ತಿದೆಯಲ್ಲ. ಗೊತ್ತಿದ್ಮೇಲೆ ಭಯ ಎಲ್ಲಿ? ಕಂಬ ಇರ್ಲಿ, ಭಯ ವಾಪಸ್ ಬರ್ಲಿ."

ವಿಜಯ್ ಬಾಯಿ ಬಿಟ್ಟುಕೊಂಡು ಕೇಳಿದ. ಜೇಬಿನಿಂದ ಫೋನು ತೆಗೆದು ಆ ಮಾತನ್ನು ಬರೆದುಕೊಂಡ. ಮುನಿಲಕ್ಷ್ಮಿಯ ಒಬ್ಬಟ್ಟಿನ ಮಾತನ್ನು ಅವನು ಬರೆದುಕೊಂಡಿರಲಿಲ್ಲ.

ಸಂಕಟ ಏನೆಂದರೆ, ಕೀರ್ತನ ಹೇಳಿದ್ದು ನಿಜ ಎಂದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಮುನಿಲಕ್ಷ್ಮಿಯೇ. ನೆಲಮಂಗಲದಲ್ಲಿ ನಡೆದ ಅವಳ ಕೊನೆಯ ಪಂದ್ಯದ ದಿನ ಆವಲಪ್ಪ ಮೇಷ್ಟ್ರು ಪಕ್ಕಕ್ಕೆ ಕರೆದು, "ಈ ಸಲ ಕಂಬ ಬಿಟ್ಬಿಡು ಕಣಮ್ಮಾ, ಎಲ್ಲಾರ್ಗೂ ಗೊತ್ತಾಗೋಗೈತೆ" ಎಂದಿದ್ದರು. ಅವಳು ಬಿಡಲಿಲ್ಲ. ಎದುರು ತಂಡದ ಹುಡುಗಿ ಕಂಬದ ಆಚೆ ಕಾದೇ ನಿಂತಿದ್ದಳು. ಇವಳು ಗಾಳಿಯಲ್ಲಿರುವಾಗಲೇ ಒಂದೇ ಒಂದು ಹೆಜ್ಜೆ ಹಿಂದೆ ಸರಿದಳು. ಅವಳನ್ನು ಮುಟ್ಟಲು ಇನ್ನೊಂದಿಷ್ಟು ಚಾಚಲು ಹೋಗಿ ಮುನಿಲಕ್ಷ್ಮಿಯ ಮೊಣಕಾಲು ಕಳಕ್ ಎಂದಿತ್ತು. ಪಂದ್ಯವೂ ಹೋಯಿತು, ಕಾಲೂ ಹೋಯಿತು. ಈ ಕಥೆಯನ್ನು ಅವಳು ಗಂಡನಿಗೂ ಪೂರ್ತಿ ಹೇಳಿರಲಿಲ್ಲ.

"ಫೋನಿನಲ್ಲಿ ಆಡೋರಿಗೇನು ಗೊತ್ತು?" ಎಂದಳು ಈಗ. "ನಾನು ಕೊನೇ ಪಂದ್ಯದವರೆಗೂ ಅದನ್ನೇ ಆಡ್ದೆ. ಒಂದು ಕೂದಲಷ್ಟೂ ಬದಲಾಯಿಸ್ಲಿಲ್ಲ. ಯಾರಿಗೂ ತಡೆಯಕ್ಕಾಗ್ಲಿಲ್ಲ."

"ಅಕ್ಕ ಹೇಳಿದ್ಮೇಲೆ ಮುಗೀತು," ಎಂದಳು ಕೀರ್ತನ.

ಹದಿನೈದು ದಿನಕ್ಕೆ ವಿಜಯನ ಫೋನು ಬಂತು. ತಿರುವು ಇರುತ್ತದೆ. ಮುನಿಲಕ್ಷ್ಮಿ ಗೆದ್ದಳು. ಗೆದ್ದೆ ಎಂದುಕೊಂಡಳು ಎನ್ನಿ. ಏಕೆಂದರೆ ಅವನ ಮುಂದಿನ ಮಾತು ಇನ್ನೂ ಬಾಕಿಯಿತ್ತು. "ಆದ್ರೆ ಅಕ್ಕ, ಹಳೇ ವಿಡಿಯೋ ನೋಡ್ಕೊಂಡು ಚಿತ್ರ ಬರೆಯೋ ಕಾಲ ಹೋಯ್ತು. ಈಗ ಮೈಗೆ ಅಂಟೋ ಬಟ್ಟೆ ಹಾಕ್ಕೊಂಡು, ಅದ್ರ ತುಂಬ ಗುಂಡಿ ಅಂಟಿಸ್ಕೊಂಡು, ಸುತ್ತ ಇಪ್ಪತ್ತು ಕ್ಯಾಮೆರಾ ಮುಂದೆ ಓಡಬೇಕು. ಐವತ್ತು ಸಲ, ಅರವತ್ತು ಸಲ. ಆ ಮೈ ಹೆಂಗೆ ಆಡುತ್ತೋ ಆಟದಲ್ಲಿ ರಂಗೀನೂ ಹಂಗೇ ಆಡ್ತಾಳೆ. ನಿಮ್ಮ ಕಾಲು ಹೆಂಗಿದೆ?"

"ಚೆನ್ನಾಗೈತೆ," ಎಂದಳು.

ಮಾರನೆಯ ದಿನ ಮಬ್ಬು ಹರಿಯುವ ಹೊತ್ತಿಗೆ ಒಬ್ಬಳೇ ಮನೆಯವರ ದ್ರಾಕ್ಷಿ ತೋಟಕ್ಕೆ ಹೋದಳು. ತೋಟ ಎನ್ನುವುದು ಹೆಸರಿಗೆ. ಲೇಔಟಿನವರಿಗೆ ಕೊಟ್ಟಾಗಿತ್ತು, ಬಳ್ಳಿ ಕಿತ್ತಾಗಿತ್ತು, ಚಪ್ಪರದ ಕಲ್ಲುಕಂಬಗಳು ಮಾತ್ರ ಸಾಲಾಗಿ ನಿಂತಿದ್ದವು. ಓಡಿದಳು, ಅಂಗೈ ಒರೆಸಿದಳು, ಕಂಬ ಹಿಡಿದಳು, ಬಲಗಾಲು ಊರಿದಳು. ಮೊಣಕಾಲು ಮಡಚಿಕೊಂಡು ಮುಖ ಅಡಿಯಾಗಿ ಮಣ್ಣಿಗೆ ಬಿದ್ದಳು. ಎರಡನೇ ಸಲವೂ ಬಿದ್ದಳು. ಮೂರನೇ ಸಲ ಓಡಲಿಲ್ಲ.

ಕಾಲು ಕೇಳುತ್ತಿಲ್ಲ ಎಂದು ಫೋನಿನಲ್ಲಿ ಒಪ್ಪಿಕೊಂಡಾಗ ವಿಜಯನೇ ದಾರಿ ಹೇಳಿದ. ಕೀರ್ತನ ಹಗುರ ಇದ್ದಾರೆ, ತಿರುವಿನ ಮರ್ಮ ಗೊತ್ತು, ಒಂದೇ ಮನೆ. ಹದಿನೈದು ದಿನ ನೀವು ಹೇಳಿಕೊಡಿ, ಅವರು ಓಡಲಿ.

ಇಲ್ಲ ಎನ್ನಲು ಯಾವ ಬಾಯಿ ಉಳಿದಿತ್ತು? ತಿರುವು ಇರಲೇಬೇಕು ಎಂದು ಹಠ ಹಿಡಿದವಳೇ ಅವಳು. ಬೇಡ ಎಂದು ಬಿಟ್ಟಿದ್ದರೆ ಅದು ಮೊದಲನೇ ಆಟದಲ್ಲಿ ಅವಳ ಹೆಸರಿನಲ್ಲಿ ಬೆಚ್ಚಗೆ ಇದ್ದುಬಿಡುತ್ತಿತ್ತು. ಇರಲಿ ಎಂದು ಗೆದ್ದದ್ದಕ್ಕೆ ಈಗ ತನ್ನ ಕೈಯಾರೆ ಎತ್ತಿ ಇನ್ನೊಬ್ಬಳ ಮೈಗೆ ತೊಡಿಸಬೇಕು. ಆ ಇನ್ನೊಬ್ಬಳೂ ಊರಿನಲ್ಲಿ ಬೇರೆ ಯಾರೂ ಅಲ್ಲ. ಮುನಿಲಕ್ಷ್ಮಿಗೆ ಎರಡು ದಿನ ಅನ್ನ ಸೇರಲಿಲ್ಲ. ಮೂರನೇ ದಿನ ಅವಳಿಗೆ ಒಂದು ಉಪಾಯ ಹೊಳೆಯಿತು. ಹೊಳೆಯಿತು ಎನ್ನುವುದಕ್ಕಿಂತ, ಹೊಟ್ಟೆಯೊಳಗೆ ಉರಿಯುತ್ತಿದ್ದದ್ದೇ ಬಾಯಿಗೆ ಬಂತು ಎನ್ನಬೇಕು.

"ಎಡಗೈಯಾಗೆ ಕಂಬ ಹಿಡ್ಕೊ," ಎಂದಳು ಕಲ್ಲುಕಂಬಗಳ ನಡುವೆ ನಿಂತು. "ಎಡಗಾಲು ಊರು. ಬಲಗಾಲು ಬಿಡು."

ಎಡಗಾಲು ಊರಿದರೆ ಕಾಲಿಗೆ ಕಾಲು ಅಡ್ಡ ಬರುತ್ತದೆ. ಒಂದು ಸಲ ಸುತ್ತಿ ನೋಡಿದವರಿಗೆ ಯಾರಿಗಾದರೂ ತಿಳಿಯುವ ಮಾತು. ಹುಡುಗಿ ಕ್ಯಾಮೆರಾಗಳ ಎದುರು ಎಡವಿ ಬೀಳಬೇಕು, ಇದು ಎಲ್ಲರಿಗೂ ಒಗ್ಗುವುದಲ್ಲ ಎಂದು ಬೆಂಗಳೂರಿನವರಿಗೆ ಗೊತ್ತಾಗಬೇಕು, ಹಳೇ ವಿಡಿಯೋವನ್ನೇ ಮತ್ತೆ ತೆಗೆದು ನೋಡಬೇಕು. ಇಷ್ಟೇ ಅವಳ ಲೆಕ್ಕ. ಉಳಿದದ್ದನ್ನೆಲ್ಲ ಸರಿಯಾಗಿಯೇ ಹೇಳಿಕೊಟ್ಟಳು: ಎಷ್ಟು ದೂರದಿಂದ ಕಂಬ ನೋಡಬೇಕು, ಬೆರಳು ಹೇಗೆ ಕಚ್ಚಬೇಕು, ಕತ್ತು ಮೊದಲು ತಿರುಗಬೇಕು, ಮೈ ಆಮೇಲೆ. ಕಾಲೊಂದನ್ನು ಬಿಟ್ಟು.

ಕೀರ್ತನ ಬಿದ್ದಳು. ಎದ್ದಳು, ಮತ್ತೆ ಬಿದ್ದಳು. ದಿನಾ ಬೆಳಗ್ಗೆ ಡ್ಯೂಟಿಗೆ ಮುಂಚೆ ಒಂದು ಗಂಟೆ ಬೀಳುವುದೇ ಅವಳ ಕೆಲಸವಾಯಿತು. ಮೊಣಕಾಲು ತರಚಿತು, ಮೊಣಕೈ ಊದಿತು. ಒಂದು ದಿನವೂ ಏಕೆ ಹೀಗಾಗುತ್ತಿದೆ ಎಂದು ಕೇಳಲಿಲ್ಲ. ಮುನಿಲಕ್ಷ್ಮಿ, "ಅಭ್ಯಾಸ ಆದ್ರೆ ಸರಿಹೋಗ್ತದೆ" ಎನ್ನುತ್ತ ಗಾಯಕ್ಕೆ ಅರಿಶಿನ ಹಚ್ಚುತ್ತಿದ್ದಳು. ಹಚ್ಚುವಾಗ ಒಮ್ಮೊಮ್ಮೆ ತನ್ನ ಮೊಣಕಾಲಿನ ಕಳಕ್ ಎನ್ನುವ ಸದ್ದು ಕಿವಿಯಲ್ಲಿ ಕೇಳಿಸುತ್ತಿತ್ತು. ಹೇಳಿಬಿಡೋಣ, ಬಲಗಾಲು ಕಣಮ್ಮಾ ಎಂದುಬಿಡೋಣ ಎನ್ನಿಸುತ್ತಿತ್ತು. ಅಷ್ಟರಲ್ಲಿ ನರಸಮ್ಮ ಕಿರಿಸೊಸೆಗೆ ಬೆಲ್ಲ ಹಾಕಿದ ಬಿಸಿ ಹಾಲು ಹಿಡಿದುಕೊಂಡು ಬರುತ್ತಿದ್ದರು. ಮುನಿಲಕ್ಷ್ಮಿ ಆಡುತ್ತಿದ್ದ ಕಾಲದಲ್ಲಿ ಹಾಲು ಹಿಡಿದು ನಿಂತವರು ಯಾರೂ ಇರಲಿಲ್ಲ. ಬಾಯಿಗೆ ಬಂದ ಮಾತು ಅಲ್ಲೇ ಒಣಗುತ್ತಿತ್ತು.

ಬೆಂಗಳೂರಿನ ಆ ಹಾಲ್ ಮದುವೆ ಛತ್ರದಷ್ಟು ದೊಡ್ಡದಾಗಿತ್ತು. ನಡುವೆ ಕಬ್ಬಿಣದ ಕಂಬ, ಕೆಳಗೆ ನೀಲಿ ಹಾಸು, ಸುತ್ತ ಕ್ಯಾಮೆರಾ. ಕೀರ್ತನ ಕರಿ ಬಟ್ಟೆಯ ತುಂಬ ಬಿಳಿ ಗುಂಡಿ ಅಂಟಿಸಿಕೊಂಡು ನಿಂತಳು. ಮುನಿಲಕ್ಷ್ಮಿಗೆ ಗೋಡೆ ಪಕ್ಕ ಒಂದು ಕುರ್ಚಿ ಹಾಕಿದ್ದರು. ಮೇಷ್ಟ್ರ ಮರ್ಯಾದೆ.

ಕೀರ್ತನ ಓಡಿ ಬಂದಳು. ಅಂಗೈ ಒರೆಸಿದಳು. ಕಂಬ ಹಿಡಿದಳು, ಎಡಗಾಲು ಊರಿದಳು. ಕಾಲಿಗೆ ಕಾಲು ಅಡ್ಡ ಬಂತು. ಮುನಿಲಕ್ಷ್ಮಿ ಕುರ್ಚಿಯಿಂದ ಅರ್ಧ ಎದ್ದಳು. ಹುಡುಗಿ ಬಿದ್ದಳು, ಆದರೆ ಪೂರ್ತಿ ಬೀಳಲಿಲ್ಲ. ಹದಿನೈದು ದಿನ ಬಿದ್ದೂ ಬಿದ್ದೂ ಅವಳ ಮೈ ಬೀಳುವುದರೊಳಗೇ ಒಂದು ದಾರಿ ಮಾಡಿಕೊಂಡಿತ್ತು. ಒಂದು ಮೊಣಕಾಲಿನ ಮೇಲೆ ನೆಲ ಸವರಿಕೊಂಡು ಜಾರಿ, ಕಂಬ ಬಿಡದೆ ಕೆಳಗಿಂದಲೇ ಸುತ್ತಿ, ಆ ಕಡೆ ಎದ್ದು ಓಡಿದಳು. ಒಂದು ಕ್ಷಣ ಇಡೀ ಹಾಲ್‌ಗೆ ಹುಡುಗಿ ಸತ್ತಳು ಎನ್ನಿಸಿತ್ತು. ಮರುಕ್ಷಣ ಚಪ್ಪಾಳೆ.

"ಇದೇ ಅಕ್ಕ, ಇದೇ ಬೇಕಾಗಿದ್ದು," ಎಂದು ವಿಜಯ್ ಓಡಿ ಬಂದು ಮುನಿಲಕ್ಷ್ಮಿಯ ಕೈ ಹಿಡಿದುಕೊಂಡ. "ಅದೇ ಕಂಬ, ಅದೇ ರಂಗಿ, ಆದ್ರೆ ಬಿದ್ದೇಹೋದ್ಲು ಅನ್ಸುತ್ತೆ. ಮೇಲಿಂದ ಗೂಳಿ ಹಾರಿ ಹೋಗುತ್ತೆ. ಆಫೀಸಲ್ಲಿ ನಾಲ್ಕು ತಿಂಗ್ಳು ಹೊಡೆದಾಡಿದ್ದಕ್ಕೆ ನೀವು ಹದಿನೈದು ದಿನದಲ್ಲಿ ಉತ್ತರ ಕೊಟ್ರಿ."

ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರೆ. ಮುನಿಲಕ್ಷ್ಮಿ ನಗಲೇಬೇಕಾಯಿತು, ನಕ್ಕಳು.

ಹದಿನೆಂಟರ ದೀಪಾವಳಿಗೆ ಎರಡನೇ ರಂಗಿ ಬಂದಳು. ಮೊದಲನೆಯದಕ್ಕಿಂತ ಹೆಚ್ಚು ಜನ ಆಡಿದರು. ಊರಿನ ಹುಡುಗಿಯರು ಕಂಬ ಕಂಡಲ್ಲೆಲ್ಲ ಮೊಣಕಾಲು ಸವರಿ ಜಾರತೊಡಗಿದರು. ಗಾಳಿಯಲ್ಲಿ ಸುತ್ತುವ ಹಳೆಯ ತಿರುವನ್ನು ಯಾರೂ ಮಾಡುತ್ತಿರಲಿಲ್ಲ. ಇದಕ್ಕೆ ಊರು ಒಂದು ಹೆಸರನ್ನೂ ಇಟ್ಟಿತು: ಕೀರ್ತನ ತಿರುವು. ಏರ್‌ಪೋರ್ಟಿನಲ್ಲಿ ಮಗುವೊಂದು ಸಾಲಿನ ಕಂಬದ ಕೆಳಗೆ ಜಾರಿ ಬಿದ್ದು ನಕ್ಕಾಗ, ಮುನಿಲಕ್ಷ್ಮಿ ವಾಕಿಟಾಕಿಯಲ್ಲಿ ಕೆಳಗಿನವಳೊಬ್ಬಳನ್ನು ಕಾರಣವಿಲ್ಲದೆ ಬೈದಳು.

ಧನುರ್ಮಾಸದ ಒಂದು ಭಾನುವಾರ ಮಧ್ಯಾಹ್ನ ಓರಗಿತ್ತಿಯರಿಬ್ಬರೂ ಜಗಲಿಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತ ಕೂತಿದ್ದರು. ಪಕ್ಕದ ಮನೆಯ ಅಶ್ವತ್ಥಮ್ಮ ಬಂದು ಎರಡು ಹಿಡಿ ಹಿತುಕಿ ಕೊಟ್ಟು, "ಎರಡನೇದೇ ಚೆಂದ ಕಣ್ರೇ. ಮೊದಲ್ನೇದು ಬರೀ ಸುತ್ತೋದು. ಇದು ನೋಡಿದ್ರೆ ಹೊಟ್ಟೆಯಾಗೆ ಛಳಕ್ ಅಂತದೆ" ಎಂದರು.

"ಅದೂ ಅಕ್ಕಾನೇ ಕೊಟ್ಟಿದ್ದು," ಎಂದಳು ಕೀರ್ತನ. ಎಲ್ಲರಿಗೂ ಹಾಗೇ ಹೇಳುತ್ತಿದ್ದಳು. ಅಶ್ವತ್ಥಮ್ಮ ನಂಬದೆ ನಕ್ಕು ಎದ್ದು ಹೋದರು.

ಆಮೇಲೆ ಕೀರ್ತನಳೇ ಮೆಲ್ಲಗೆ, "ಅಕ್ಕ, ಒಂದ್ ಮಾತು. ರಂಗೀನ ಅಷ್ಟು ವರ್ಷ ತಿರುಗಿಸಿದ್ದೀನಿ, ಅವಳು ಬಲಗಾಲು ಊರ್ತಾಳೆ ಅಂತ ನಂಗೆ ಗೊತ್ತಿಲ್ವಾ? ನೀವು ಎಡಗಾಲು ಅಂದ್ರಿ. ಹೊಸದಕ್ಕೆ ಅಂತ ಬೇಕಂತಲೇ ಬದಲಾಯಿಸಿ ಕೊಡ್ತಿದ್ದೀರ ಅಂದ್ಕೊಂಡು ಸುಮ್ನಾದೆ. ಆವತ್ತು ನಾನು ಭಯ ವಾಪಸ್ ಬರ್ಲಿ ಅಂದಿದ್ನಲ್ಲ, ಅದನ್ನ ಮನಸ್ಸಲ್ಲಿಟ್ಕೊಂಡು ಕೊಟ್ರಿ. ನಿಮ್ದನ್ನ ನೀವೇ ಬದಲಾಯಿಸಿ ನಂಗೆ ಕೊಡೋಕೆ ಎಷ್ಟು ದೊಡ್ಡ ಮನಸ್ಸು ಬೇಕು" ಎಂದಳು.

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ದೊಡ್ಡ ಮನಸ್ಸಿನವಳು ಎನ್ನುವ ಬಿರುದು ಪುಕ್ಕಟೆ ಸಿಕ್ಕಿತ್ತು. ಆದರೆ ಮುನಿಲಕ್ಷ್ಮಿಗೆ ತಡೆಯಲಾಗಲಿಲ್ಲ. ಪಶ್ಚಾತ್ತಾಪದಿಂದ ಎಂದುಕೊಳ್ಳಬೇಡಿ. ಊರೆಲ್ಲ ಕೀರ್ತನ ತಿರುವು ಎನ್ನುತ್ತಿದ್ದದ್ದು ಹುಟ್ಟಿದ್ದು ತನ್ನ ಹೊಟ್ಟೆಯ ಕಿಚ್ಚಿನಲ್ಲಿ. ಅದರ ಮೇಲೂ ತನಗೆ ಹಕ್ಕಿಲ್ಲವೆಂದರೆ ಹೇಗೆ? ಅದನ್ನು ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ಒಂದೇ ದಾರಿ.

"ಬೀಳ್ಲಿ ಅಂತ ಹೇಳ್ಕೊಟ್ಟೆ," ಎಂದಳು.

ಕೀರ್ತನಳ ಕೈ ನಿಂತಿತು.

"ದೊಡ್ಡ ಮನಸ್ಸೂ ಇಲ್ಲ, ಎಂಥದ್ದೂ ಇಲ್ಲ. ನೀನು ಅಲ್ಲಿ ಎಲ್ಲರ ಮುಂದೆ ಬಿದ್ದು, ಆಗಲ್ಲ ಅಂತ ವಾಪಸ್ ಬರ್ಬೇಕಾಗಿತ್ತು. ಆ ಎಡಗಾಲು ನಂದು. ಊರವ್ರು ಏನ್ ಹೆಸರಾದ್ರೂ ಇಟ್ಕೊಳ್ಳಿ."

ಕೀರ್ತನ ಮುಖ ಎತ್ತಿ ಅವಳನ್ನು ನೋಡಿದಳು. ಕಣ್ಣು ತುಂಬಿದವು, ಹರಿಯಲಿಲ್ಲ. "ನನ್ನ ಮೊಣಕಾಲೂ ಹೋಗಿದ್ರೆ ಅಕ್ಕ?" ಎಂದಳು.

ಮುನಿಲಕ್ಷ್ಮಿ ಒಂದು ಕಾಳು ಎತ್ತಿಕೊಂಡು, ಹಿತುಕದೆ, ಬೆರಳಲ್ಲೇ ಹಿಡಿದು ಕೂತಳು.

ಕೀರ್ತನ ಹಿತುಕಿದ ಬೇಳೆಯನ್ನು ಒಂದು ಕಡೆ ಮಾಡಿದಳು. ಸಿಪ್ಪೆಯನ್ನು ಇನ್ನೊಂದು ಕಡೆ ಮಾಡಿದಳು. ತಟ್ಟೆ ಎತ್ತಿಕೊಂಡು ಎದ್ದು ನಿಂತಳು.

"ನೀವೇ ಕೊಟ್ಟಿದ್ದು ಅಂತ ಇಷ್ಟು ದಿನ ಹೇಳ್ಕೊಂಡು ಬಂದಿದ್ದೀನಿ," ಎಂದಳು. "ಇನ್ಮೇಲೂ ಹೇಳ್ತೀನಿ. ಯಾಕೆ ಕೊಟ್ರಿ ಅನ್ನೋದು ಮಾತ್ರ ಯಾರಿಗೂ ಹೇಳಲ್ಲ."

ಒಳಗೆ ಹೋದಳು. ಅತ್ತೆಯ ಜೊತೆ ಸಾರಿಗೆ ಎಷ್ಟು ಬೇಳೆ ಬೇಕು ಎಂದು ಮಾತಾಡಿದ್ದು ಕೇಳಿಸಿತು. ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ಮುನಿಲಕ್ಷ್ಮಿ ಜಗಲಿಯ ಮೇಲೆ ಕೂತೇ ಇದ್ದಳು. ಇಷ್ಟು ದಿನ ಉರಿದದ್ದೆಲ್ಲ ಏನೂ ಅಲ್ಲ ಎನ್ನುವಂಥ ಹೊಟ್ಟೆಕಿಚ್ಚು ಆಗ ಬಂತು. ಆ ಮಾತು ಹೇಳಿ ಎದ್ದುಹೋಗುವಷ್ಟು ಜಾಗ ಆ ಹುಡುಗಿಯ ಎದೆಯಲ್ಲಿತ್ತು, ತನ್ನ ಎದೆಯಲ್ಲಿ ಇರಲಿಲ್ಲ. ಅದನ್ನು ಹೇಳಿಕೊಡು ಎಂದು ಯಾರ ಹತ್ತಿರ ಹೋಗಿ ಕೇಳುವುದು ಎಂದು ಅವಳಿಗೆ ತಿಳಿಯಲಿಲ್ಲ.